ಬರ್ತೀನಿ ಅಂದವನು

ಯುದ್ಧದಲ್ಲಿ ನಾನು ಬಾಂಬರ್ ವಿಮಾನದ ಮೆಕ್ಯಾನಿಕ್, ದೆವ್ವಗಿವ್ವ ನಂಬುವವನಲ್ಲ. ಬಾಲದಲ್ಲಿ ಕೂರುವ ಗನ್ನರ್ ಹುಡುಗ ವಿಮಾನ ಹತ್ತುವಾಗ, "ಹೋಗ್ತೀನಿ ಅಣ್ಣ" ಅಂದ.

"ಬಿಡ್ತು ಅನ್ನು! ಬರ್ತೀನಿ ಅನ್ನೋ," ಎಂದು ಗದರಿದೆ.

"ಸರಿ ಮಾರಾಯ, ಬರ್ತೀನಿ," ಎಂದು ನಕ್ಕ.

ಆ ಹಾರಾಟದಲ್ಲೇ ಗುಂಡು ತಗುಲಿ ಕೂತಲ್ಲೇ ಸತ್ತ. ವಿಮಾನ ಮರಳಿತು. ಹೆಣ ಇಳಿಸಿ ಮಣ್ಣು ಮಾಡಿದೆವು.

ಮಾರನೇ ದಿನ ನಸುಕಿನಲ್ಲಿ ಅವನ ಸೀಟು ಬಿಚ್ಚಲು ಹೋದೆ. ಸುತ್ತಲಿನ ಲೋಹವೆಲ್ಲ ತಣ್ಣಗಿತ್ತು. ಸೀಟು ಮಾತ್ರ ಈಗಷ್ಟೇ ಯಾರೋ ಎದ್ದ ಹಾಗೆ ಬೆಚ್ಚಗಿತ್ತು. ಗಾಜಿನ ಒಳಮೈಯಲ್ಲಿ ಉಸಿರಿನ ಮಬ್ಬು ಮೂಡಿ ಮೂಡಿ ಆರುತ್ತಿತ್ತು. ತಂತಿ ಕಿತ್ತಿದ್ದ ಹೆಡ್‌ಫೋನಿನಲ್ಲಿ, "ಅಣ್ಣಾ, ಬಂದೆ" ಎಂದು ಕೇಳಿಸಿತು.

ಸೀಟು ಬದಲಾಯಿಸಿದೆ. ಹೊಸದೂ ಬೆಚ್ಚಗೇ ಇದೆ.

"ಹೋಗಪ್ಪ ಅಂದ್ಬಿಡು, ನಿನ್ ಮಾತು ಕೇಳ್ತಾನೆ," ಅನ್ನುತ್ತಾರೆ ಪೈಲಟ್.

ನನಗೆ ನಾಲಿಗೆಯೇ ಏಳುತ್ತಿಲ್ಲ.