ದ್ರಾಕ್ಷಿ ಬೇಲಿಯ ಆಚೆ

"ಅಹೋ, ಬಂದ್ ಕರಾ ತೇ! ಬಂದ್ ಕರಾ!"

ಸುಮಂಗಲಾ ಅದನ್ನು ನಿಲ್ಲಿಸಿ ಎಂದು ಮರಾಠಿಯಲ್ಲಿ ಕಿರುಚುತ್ತ ಮೆಂತ್ಯದ ಮಡಿಗಳ ನಡುವೆ ಓಡಿದಳು. ಬೇಲಿಯಾಚೆ ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರ್ ಔಷಧಿ ಉಗುಳುತ್ತಿತ್ತು. ಗಾಳಿ ಅದನ್ನು ನೇರವಾಗಿ ಅವಳ ಹೊಲಕ್ಕೇ ತಂದು ಸುರಿಯುತ್ತಿತ್ತು...

ಟ್ರ್ಯಾಕ್ಟರ್ ನಿಂತಿತು. ಮುಖಕ್ಕೆ ಬಟ್ಟೆ ಕಟ್ಟಿದ್ದ ಯುವಕ ಕೆಳಗಿಳಿದ.

"ಈ ಮೂಳನ ಬಾಯಾಗ ಮಣ್ಣ ಬೀಳ್ಲಿ!" ಅವಳು ಕನ್ನಡದಲ್ಲಿ ಗೊಣಗಿದಳು.

"ಬೀಳ್ಲಿ ಬಿಡ್ರಿ," ಎಂದ ಅವನು, ಬಟ್ಟೆ ಸರಿಸಿ. "ಗಾಳಿ ಹಿಂಗ ತಿರುಗ್ತದ ಅಂತ ಗೊತ್ತಾಗ್ಲಿಲ್ರಿ. ತಪ್ಪಾತು."

ಅಯ್ಯೋ, ಕನ್ನಡದವ! ಸುಮಂಗಲಾಳ ಕೆನ್ನೆ ಬಿಸಿಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ತಪ್ಪಾತು ಅಂದ್ರ ಆತೇನ್ರಿ? ಈ ಮೆಂತೆ ಇನ್ ಯಾರಿಗಿ ಮಾರ್ಲಿ ನಾ?"

ಬೀದರಿನಿಂದ ಬಂದು ನಾಸಿಕದಲ್ಲಿ ನೆಲೆಸಿದ ಮನೆತನ ಅವಳದು. ಕಚೇರಿ ಕೆಲಸ ಬಿಟ್ಟು, ದಿಂಡೋರಿಯ ಹತ್ತಿರ ಒಂದು ಎಕರೆ ಗುತ್ತಿಗೆಗೆ ಹಿಡಿದು, ಸಗಣಿ ಗೊಬ್ಬರ, ಬೇವಿನ ಹಿಂಡಿ ಹಾಕಿ ತರಕಾರಿ ಬೆಳೆಯುತ್ತಿದ್ದಳು. ಭಾನುವಾರ ಓಝರ್‌ನ ಕಾರ್ಖಾನೆ ಕಾಲೊನಿಯಲ್ಲಿ ಮಾರಾಟ. ವಿಷವಿಲ್ಲದ ತರಕಾರಿ ಎಂಬ ನಂಬಿಕೆಯೇ ಅವಳ ಬಂಡವಾಳ!

ಅವನು ಮಲ್ಲಿನಾಥ. ಆಳಂದದ ಕಡೆಯವನು, ಆ ತೋಟದ ಮೇಲ್ವಿಚಾರಕ. ಅವನು ನೋಡುತ್ತಿದ್ದಂತೆಯೇ ಅವಳು ಮೆಂತ್ಯವನ್ನೆಲ್ಲ ಕಿತ್ತು ಗುಂಡಿಗೆ ಎಸೆದಳು. ಕಣ್ಣೀರು ಬಂದರೂ ಒರೆಸಿಕೊಳ್ಳಲಿಲ್ಲ.

ಭಾನುವಾರ ಕಾಲೊನಿಯಲ್ಲಿ ಅವಳ ಬದನೆ, ಟೊಮೆಟೊ ಬುಟ್ಟಿಗಳ ಮುಂದೆ ಯಾರೂ ನಿಲ್ಲಲಿಲ್ಲ.

"ಯಾಕೆ ರೂಪಾ ಮಾವಶಿ, ಏನಾಯಿತು?" ಹಳೆಯ ಗಿರಾಕಿಯನ್ನು ಅವಳು ಮರಾಠಿಯಲ್ಲಿ ಕೇಳಿದಳು.

ರೂಪಾ ತಡವರಿಸಿದರು. "ನಿನ್ನ ಹೊಲಕ್ಕೆ ಔಷಧಿ ಬಿದ್ದಿದೆಯಂತಲ್ಲ? ದ್ರಾಕ್ಷಿ ತೋಟದ ಆ ಕನ್ನಡದ ಹುಡುಗನೇ ಬಂದು ಹೇಳಿ ಹೋದ."

ಸುಮಂಗಲಾಳ ಮೈ ಉರಿದುಹೋಯಿತು. ತುಂಬಿದ ಬುಟ್ಟಿಗಳೊಂದಿಗೆ ನೇರ ಬೇಲಿಗೇ ಬಂದಳು.

"ನನ್ನ ಹೊಟ್ಟಿ ಮ್ಯಾಲ ಹೊಡದು ನಿಮಗೇನ್ ಸಿಕ್ತು?"

"ನಾ ಹೇಳಿದ್ದು ಹಂಗಲ್ರಿ, ಒಂದ್ ಮಾತ..."

"ಸಾಕ್ರಿ! ಇನ್ನ ನಿಮ್ಮ ಮಾರಿ ತೋರಸ್ಬ್ಯಾಡ್ರಿ ನನಗ!"

ಆಮೇಲಿನ ವಾರಗಳು ಒಂದಕ್ಕಿಂತ ಒಂದು ಕೆಟ್ಟವು. ಹೂಕೋಸಿಗೆ ಹುಳ ಬಿತ್ತು. ಬಿತ್ತಿದ ಹೊಸ ಮೆಂತ್ಯ ಸೊಗಸಾಗಿ ಎದ್ದಿತು, ಕೊಳ್ಳುವವರಿಲ್ಲದೆ ಪಕ್ಕದವರ ಹಸುವಿನ ಪಾಲಾಯಿತು. ಎಲ್ಲಕ್ಕಿಂತ ರೇಗಿಸಿದ್ದು ಅವಳ ಕಣ್ಣುಗಳೇ... ಪದೇ ಪದೇ ಬೇಲಿಯತ್ತ ಹೋಗುತ್ತಿದ್ದವು.

'ಛೇ! ಯಾಕ ನೋಡ್ತೀನಿ ನಾ ಅವನ್ನ?'

ಒಂದು ಬೆಳಿಗ್ಗೆ ಅವರೆ ಬಳ್ಳಿ ಕಟ್ಟುತ್ತಿದ್ದಾಗ ಆಚೆಯಿಂದ ಬೈಗುಳ ಕೇಳಿಸಿತು. ತೋಟದ ಶೇಠ್! ಅವಳ ಬೇಲಿಗೆ ತಾಗಿದ ಸಾಲುಗಳ ದ್ರಾಕ್ಷಿಗೆ ಮಾತ್ರ ಬೂದಿ ರೋಗ ಬಡಿದಿತ್ತು.

"ಈ ಸಾಲುಗಳಿಗೆ ಯಾಕೆ ಔಷಧಿ ಹೊಡೆಯಲಿಲ್ಲ?" ಶೇಠ್ ಮರಾಠಿಯಲ್ಲಿ ಗುಡುಗಿದ.

"ಗಾಳಿ ಆ ಹೊಲಕ್ಕೆ ಬೀಸುತ್ತದೆ ಶೇಠ್. ಈ ಸಾಲುಗಳನ್ನು ಬಿಡಬೇಕೆಂದು ಮೊದಲೇ ಹೇಳಿದ್ದೆ, ನೀವು ಕಿವಿಗೆ ಹಾಕಿಕೊಳ್ಳಲಿಲ್ಲ," ಎಂದ ಮಲ್ಲಿನಾಥ.

"ಹಾಗಾದರೆ ಇಲ್ಲಿ ನಿನಗೆ ಕೆಲಸವಿಲ್ಲ. ನಾಳೆಯಿಂದ ಸಂಭಾಜಿನಗರದ ಗೋದಾಮಿಗೆ ಹೋಗು!"

ಅಷ್ಟು ದೂರದ ಊರಿಗೆ! ಸುಮಂಗಲಾ ಕೈಯಲ್ಲಿದ್ದ ಬಳ್ಳಿಯನ್ನು ಬಿಟ್ಟಳು. ಶೇಠ್ ಹೋದ ಮೇಲೆ ಮೆಲ್ಲಗೆ ಬೇಲಿಗೆ ಬಂದಳು.

"ನನ್ನ ಸಲುವಾಗಿ ಇಷ್ಟ ಮಾಡಿದ್ರಿ... ಮತ್ತ ಕಾಲೊನಿಗಿ ಹೋಗಿ ಯಾಕ ಹೇಳಿದ್ರಿ?"

"ಮೆಂತೆ ಯಾಕಿಲ್ಲ ಅಂತ ಮಂದಿ ನಿಮಗ ಕೇಳಾವ್ರೇ ಇದ್ರು. ತಪ್ಪ ನಂದು, ನಾನೇ ಹೇಳ್ಬೇಕು ಅನಸ್ತು. ಔಷಧ ಬಿದ್ದದ್ದೆಲ್ಲಾ ಅವ್ರು ಕಿತ್ತ ಒಗದಾರ, ಉಳದದ್ದು ನಂಬಿ ತಗೋರಿ ಅಂದೆ. ಮಂದಿ ಅರ್ಧಾ ಮಾತ ಕೇಳಿದ್ರು..."

"ನಾನೂ ಅರ್ಧಾನೇ ಕೇಳ್ದೆ!" ಅವಳ ದನಿ ಒಡೆಯಿತು. "ಅವತ್ತೇ ಒದರಿ ಹೇಳ್ಬಾರದಾಗಿತ್ತೇನ್ರಿ?"

"ಮಾರಿ ತೋರಸ್ಬ್ಯಾಡ ಅಂದ್ರಲ್ರಿ..."

ಅಳುತ್ತಲೇ ನಕ್ಕಳು ಸುಮಂಗಲಾ. "ಈಗ ಹೋಗ್ತೀರೇನು?"

"ಹೋಗ್ಬೇಕ್ರಿ. ಆದ್ರ ವಾರಕ್ಕೊಮ್ಮಿ ಐತಾರ ಸುಟ್ಟಿ ಅದ. ಓಝರದಾಗ ನಿಮ್ಮ ಬಾಜೂಕ ನಿಂತು, ಮಂದಿಗಿ ಪೂರ್ತಿ ಮಾತ ಹೇಳ್ತೀನಿ."

"ಬರೇ ಐತಾರ ಬಂದ್ರ ಸಾಲಂಗಿಲ್ಲ ನನಗ..."

ಮಾತು ಜಾರಿಬಿಟ್ಟಿತ್ತು! ಮಲ್ಲಿನಾಥ ಅವಳನ್ನೇ ನೋಡಿದ.

"ಹಂಗಾರ... ನಮ್ಮವ್ವಗ ಕರ್ಕೊಂಡು ನಿಮ್ಮ ಮನಿಗಿ ಬರ್ಲ್ಯಾ?"

ಅವಳು ಬೇಲಿಯ ತಂತಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬರ್ರಿ. ಜಲ್ದಿ ಬರ್ರಿ... ಕಾಯೋದಂದ್ರ ನನಗ ಭಾಳ ಸಿಟ್ಟ ಬರ್ತದ!"

"ಗೊತ್ತದ್ರಿ," ಎಂದು ನಕ್ಕ ಮಲ್ಲಿನಾಥ.