ಮನೆಯವರ ಅಳತೆ

"ಅಲುಗಾಡಬೇಡಿ!" ಎಂದು ಗದರಿಸಿ, ಅವಳು ಆ ಅಪರಿಚಿತನ ಎರಡೂ ಹೆಗಲು ಹಿಡಿದು ಮೇಲಕ್ಕೆತ್ತಿದಳು.

ಮರ್ಯಾದಸ್ಥ ಹೆಣ್ಣುಮಕ್ಕಳು ಮಾಡುವ ಕೆಲಸವಲ್ಲ, ನಿಜ. ಆದರೆ ಅವಳ ಕಸುಬೇ ಅದು.

ಅವನು ತೊಟ್ಟಿದ್ದ ಲೈಫ್ ಜಾಕೆಟ್ ಮಾತ್ರ ಸರ್ರನೆ ಮೇಲೆ ಬಂತು. ಅವನ ಗಲ್ಲ, ಮೂಗು, ಕನ್ನಡಕ ಎಲ್ಲವೂ ಅದರೊಳಗೆ ಮುಳುಗಿ, ಕೆದರಿದ ಕೂದಲು ಮಾತ್ರ ಹೊರಗುಳಿಯಿತು.

"ಸರಿಯಾಗಿದೆ ಅಂದ್ರಲ್ಲ? ದೋಣಿ ಮಗುಚಿದ್ರೆ ಜಾಕೆಟ್ ಮೇಲೆ ತೇಲುತ್ತೆ, ನೀವು ಕೆಳಗೆ ಮೀನು ಎಣಿಸ್ತಿರ್ತೀರ!"

ಒಳಗಿನಿಂದ ನಗು ಕೇಳಿಸಿತು. ಆಮೇಲೆ ಮುಖ ಹೊರಬಂತು. ಕನ್ನಡಕ ಒಂದು ಕಿವಿಯಿಂದ ನೇತಾಡುತ್ತಿತ್ತು.

"ಮಕ್ಕಳಿಗೆ ಭೂಗೋಳ ಹೇಳಿಕೊಡ್ತೀನಿ ರೀ. ನದಿಗಳ ಹೆಸರೆಲ್ಲ ಬಾಯಿಪಾಠ. ಒಂದರಲ್ಲೂ ಇಳಿದಿಲ್ಲ."

ಅವಳ ಕೈ ಇನ್ನೂ ಅವನ ಹೆಗಲ ಮೇಲೇ ಇತ್ತು. ತೆಗೆಯಬೇಕೆಂದು ನೆನಪೇ ಆಗಲಿಲ್ಲ...

ಕೆರೆದಂಡೆಗೆ ಹೋಗುವ ಬೀದಿಯ ಕೊನೆಯಲ್ಲಿತ್ತು ಚಿಕ್ಕಪ್ಪನ ಅಂಗಡಿ. ಮೂಲೆಯಲ್ಲಿ ಗೋಡೆಗೊರಗಿ ನಿಂತ ಹುಟ್ಟುಗಳು, ಹಗ್ಗಕ್ಕೆ ನೇತುಬಿದ್ದ ಬಣ್ಣಬಣ್ಣದ ಅಂಗಿಗಳು, ಹೊಸ ರಬ್ಬರಿನ ವಾಸನೆ. ಬೇಸಿಗೆ ಬಂತೆಂದರೆ ದೋಣಿಯ ಹುಚ್ಚಿನವರೆಲ್ಲ ಅಲ್ಲಿಗೇ. ನೋಟದಲ್ಲೇ ಮೈಯಳತೆ ಹೇಳುವ ಅಣ್ಣನ ಮಗಳಿಗೆ ಚಿಕ್ಕಪ್ಪ ಇಟ್ಟ ಹೆಸರು 'ಅಳತೆಗೋಲು'.

"ಇನ್ನೊಂದು ಜಾಕೆಟ್ ಬೇಕಿತ್ತು," ಎಂದ ಮೇಷ್ಟ್ರು. "ನಮ್ಮ ಮನೆಯವರಿಗೆ."

ಮನೆಯವರಿಗೆ!

ಅಳತೆಗೋಲಿನ ಕೈ ಸರಕ್ಕನೆ ಕೆಳಗಿಳಿಯಿತು. ಇನ್ನೂ ಹುಟ್ಟದ ಆಸೆಯೊಂದು ಹಾಗೇ ಸತ್ತರೆ ಅದಕ್ಕೆ ಅಳುವುದು ಹೇಗೆ?

"ಅವ್ರು... ಎಷ್ಟಿದಾರೆ?"

"ಹೆಚ್ಚೂಕಮ್ಮಿ ನಿಮ್ಮಷ್ಟೇ ಇದಾರೆ. ನೀವೇ ಹಾಕಿ ನೋಡ್ತೀರಾ?"

ಕಂಡಿಲ್ಲದ ಹೆಂಗಸಿಗಾಗಿ ಅವಳು ಜಾಕೆಟ್ ತೊಟ್ಟು ನಿಂತಳು. ಅವನು ಎಲ್ಲೋ ದೂರ ನೋಡುವವನಂತೆ ನೋಡಿ, "ಚೆನ್ನಾಗಿದೆ," ಎಂದ.

'ಹೆಂಡತಿಗೆ ಬಹುವಚನ ಹಾಕಿ ಮಾತಾಡೋ ಗಂಡಸು...' ಎಂದುಕೊಂಡಳು. ಕೋಪ ಬರಬೇಕಿದ್ದ ಕಡೆ ಗೌರವ ಬಂತು. ಅದೇ ಹೆಚ್ಚು ನೋಯಿಸಿತು.

ಸ್ವಲ್ಪ ದಿನಕ್ಕೇ ಅವನು ಜಾಕೆಟ್ ಹಿಡಿದು ಬಂದ.

"ದೊಡ್ಡದಾಯ್ತು ರೀ. ಇದಕ್ಕಿಂತ ಚಿಕ್ಕದು..."

ಅದನ್ನು ಕೊಟ್ಟಳು. ಮತ್ತೆ ಬಂದ. ಅದೂ ದೊಡ್ಡದು! ಚಿಕ್ಕಪ್ಪ ಅವನಿಗೆ 'ವಾಪಸ್ ರಾಯರು' ಎಂದು ಹೆಸರಿಟ್ಟರು.

"ನಿನ್ನ ಕಣ್ಣಿನ ಅಳತೆ ಕೆಟ್ಟಿತೇನೇ? ಇಲ್ಲಾ ಅವರ ಹೆಂಡ್ತಿ ದಿನಾ ಒಗೆದ್ರೆ ಕುಗ್ಗೋ ಬಟ್ಟೇನಾ?"

ಬಂದಾಗಲೆಲ್ಲ ಅವನು ಒಂದೊಂದು ಸಾಮಾನು ಕೇಳುತ್ತಿದ್ದ. ಅಂಗಿ ಬೇಕೆಂದು ಹತ್ತಿಯದನ್ನು ಎತ್ತಿಕೊಂಡಾಗ ಅವಳು ಕಸಿದುಕೊಂಡಳು.

"ಹತ್ತಿ ನೆನೆದ್ರೆ ಒಣಗಲ್ಲ, ಮೈಗೆ ಅಂಟಿ ಚಳಿ ಹಿಡಿಸುತ್ತೆ. ಹೊರಗಿನ ಬಿಸಿಲು ನೋಡಿ ಬಟ್ಟೆ ಹಾಕಬಾರದು ಮೇಷ್ಟ್ರೇ. ಒಳಗಿನ ನೀರು ನೋಡಿ ಹಾಕಬೇಕು. ಮೇಲೆ ಬೆಂಕಿಯಂಥ ಬೇಸಿಗೆ ಇದ್ರೂ ಕೆರೆ ಕೆಳಗೆ ಕೊರೆಯುತ್ತಿರುತ್ತೆ."

"ಸರಿ. ಆದ್ರೆ ಹೊಲಿಗೆ ಒತ್ತಬಾರದು. ಅವರಿಗೆ ನೋಯುತ್ತೆ."

ಟೋಪಿ ಕತ್ತಿನ ತನಕ ಮುಚ್ಚಬೇಕಂತೆ. ಒಳಗಡೆ ಮೆತ್ತಗಿರಬೇಕಂತೆ.

'ಮಹಾರಾಣಿ!' ಎಂದು ಅವಳು ಒಳಗೊಳಗೇ ಹಲ್ಲು ಕಡಿದಳು. ಆದರೂ ಬಾಗಿಲ ಗಂಟೆ ಸದ್ದಾದಾಗಲೆಲ್ಲ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಮನಸ್ಸಿಗೆ ನಾಚಿಕೆ ಇರುವುದಿಲ್ಲ ನೋಡಿ.

ಒಂದು ಮಧ್ಯಾಹ್ನ ಅವನು ಬಂದು, ತಲೆ ತಗ್ಗಿಸಿ ಕೇಳಿದ. "ಮಕ್ಕಳ ಅಳತೆದು... ಇದೆಯಾ?"

ಅವಳ ತಾಳ್ಮೆ ಕಿತ್ತುಹೋಯಿತು.

"ಏನ್ರೀ ಇದು! ನಿಮ್ಮ ಮನೆಯವರೇನು ಸೋಪಾ, ದಿನಾ ಕರಗೋಕೆ? ಸಣ್ಣ ಆಗೋ ಹಠ ಮುಗಿದ ಮೇಲೆ ಒಂದೇ ಸಲ ಕರ್ಕೊಂಡು ಬನ್ನಿ!"

ಅವನು ಜಾಕೆಟ್ಟನ್ನು ಮೆಲ್ಲಗೆ ಗಲ್ಲಾದ ಮೇಲಿಟ್ಟ.

"ಹೌದು ರೀ," ಎಂದ. "ಕರಗ್ತಾನೇ ಇದಾರೆ."

ಬಾಗಿಲ ಗಂಟೆ ಸದ್ದಾಯಿತು. ಅವನು ಹೋಗಿಬಿಟ್ಟಿದ್ದ.

ಕೂದಲಿಲ್ಲದ ತಲೆಗೆ ಮೆತ್ತನೆಯ ಟೋಪಿ. ಮುಟ್ಟಿದರೆ ನೋಯುವ ಮೈಗೆ ಹೊಲಿಗೆ ಒತ್ತದ ಅಂಗಿ. ಕುಗ್ಗುತ್ತಲೇ ಹೋದ ಅಳತೆ...

ಅಯ್ಯೋ!

'ನೀರು ನೋಡಿ ಅಂತ ಊರಿಗೆಲ್ಲ ಬುದ್ಧಿ ಹೇಳಿದೆ. ನಾನು ನೋಡಿದ್ದು ಬರೀ ಬಿಸಿಲು. ಕಾಯಿಲೆಯವಳ ಮೇಲೆ ಹೊಟ್ಟೆಕಿಚ್ಚು ಪಟ್ಟೆನಾ ನಾನು?'

ಚಿಕ್ಕಪ್ಪ ಏನೂ ತಮಾಷೆ ಮಾಡಲಿಲ್ಲ. ರಸೀದಿ ಪುಸ್ತಕ ನೋಡಿ, "ಶಾಲೆ ಹಿಂದಿನ ಬೀದಿ, ನೀಲಿ ಬಾಗಿಲು," ಎಂದರು ಅಷ್ಟೇ.

ಮಕ್ಕಳ ಅಳತೆಯ ಜಾಕೆಟ್ಟಿನ ಹೆಗಲ ಪಟ್ಟಿಗಳಿಗೆ ಅವಳು ಮೆತ್ತನೆಯ ಬಟ್ಟೆ ಸುತ್ತಿ ಹೊಲಿದಳು. ಮರುದಿನ ನೀಲಿ ಬಾಗಿಲು ತಟ್ಟಿದಳು.

"ತೆಗೆದೇ ಇದೆ, ಬಾಮ್ಮ."

ಕಿಟಕಿಯ ಬಳಿಯ ಕುರ್ಚಿಯಲ್ಲಿ ಒಬ್ಬ ಹೆಂಗಸು. ಮೇಷ್ಟ್ರಿಗಿಂತ ಎಷ್ಟೋ ದೊಡ್ಡವಳು. ಮುಖದಲ್ಲಿ ಉಳಿದದ್ದೆಲ್ಲ ಕಣ್ಣು. ಆ ಕಣ್ಣೋ, ನಗುತ್ತಿತ್ತು.

"ನಮ್ಮ ತಮ್ಮನ್ನ ಹೆಗಲು ಹಿಡಿದು ಎತ್ತಿದ ಹುಡುಗಿ ನೀನೇ ಇರಬೇಕು."

"ತ... ತಮ್ಮನಾ?"

"ಮತ್ತೆ? ಏನಂತ ಹೇಳಿದ್ದ?"

"ಮನೆಯವರು ಅಂತ..."

ಅಕ್ಕ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೂ ನಕ್ಕಳು. "ದಡ್ಡ! ಅಮ್ಮ ಹೋದಾಗಿನಿಂದ ಈ ಮನೇಲಿ ಇರೋದು ನಾವಿಬ್ಬರೇ. ಅವನ ಪಾಲಿಗೆ ಮನೆಯವರು ಅಂದ್ರೆ ನಾನೇ. ಆ ಮಾತಿಗೆ ಊರಲ್ಲಿ ಬೇರೆ ಅರ್ಥ ಇದೆ ಅಂತ ಭೂಗೋಳದ ಮೇಷ್ಟ್ರಿಗೆ ಗೊತ್ತಾಗಲಿಲ್ಲ ನೋಡು!"

ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಳುವೂ ಬಂತು, ನಗುವೂ ಬಂತು, ಯಾವುದಕ್ಕೂ ಜಾಗ ಸಾಲಲಿಲ್ಲ.

"ಇನ್ನೊಂದು ಗುಟ್ಟು ಹೇಳಲಾ?" ಅಕ್ಕ ದನಿ ತಗ್ಗಿಸಿದಳು. "ಒಂದ್ಸಲ ದೋಣಿ ಹತ್ತಬೇಕು ಅಂತ ಆಸೆಪಟ್ಟಿದ್ದು ನಾನೇ. ಮೊದಮೊದಲು ಜಾಕೆಟ್ಟಿನ ಪಟ್ಟಿ ಬಿಗಿ ಮಾಡಿದ್ರೆ ಸಾಕಿತ್ತು. 'ಇಲ್ಲಕ್ಕ, ಬದಲಾಯಿಸಿಕೊಂಡೇ ಬರ್ತೀನಿ' ಅಂತ ಓಡ್ತಿದ್ದ. ಬರುವಾಗ ಮುಖ ಹಬ್ಬ! ನಾನೂ ಸುಮ್ಮನಿದ್ದೆ. ನಾನು ಕುಗ್ಗೋದ್ರಿಂದ ಯಾರಿಗಾದ್ರೂ ಲಾಭ ಆಗ್ಲಿ ಅಂತ."

"ಅಕ್ಕಾ... ಹಾಗನ್ನಬೇಡಿ."

"ಅಳಬೇಡ, ಅಳತೆ ನೋಡು."

ಅವಳು ಜಾಕೆಟ್ ತೊಡಿಸಿದಳು. ಪಟ್ಟಿ ಬಿಗಿದಳು. ಅಭ್ಯಾಸದಂತೆ ಹೆಗಲು ಹಿಡಿದು ಮೆಲ್ಲಗೆ ಎತ್ತಿದಳು.

ಜಾಕೆಟ್ ಜಾರಲಿಲ್ಲ. ಅಕ್ಕನೇ ಮೇಲೆದ್ದು ಬಂದಳು.

ಬಾಗಿಲಲ್ಲಿ ಯಾರೋ ಉಸಿರೆಳೆದ ಸದ್ದಾಯಿತು. ಮೇಷ್ಟ್ರು ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಸರಿಯಾಗಿದೆ," ಎಂದಳು ಅವಳು, ಅಕ್ಕನನ್ನು ಮಗುವಿನಂತೆ ಕೂರಿಸುತ್ತ.

ಗಾಳಿಯಿಲ್ಲದ ಒಂದು ಬೆಳಗ್ಗೆ ಮೂವರೂ ಕೆರೆಗಿಳಿದರು. ಮುಂದೆ ಅವಳು, ಹಿಂದೆ ಅವನು, ನಡುವೆ ಟೋಪಿಯ ಮಹಾರಾಣಿ. ದಂಡೆಯಿಂದ ಬಹಳ ದೂರವೇನೂ ಹೋಗಲಿಲ್ಲ. ಅಕ್ಕ ಬೆರಳು ನೀರಿಗಿಳಿಸಿ, "ಅಬ್ಬಾ, ಎಷ್ಟು ತಣ್ಣಗಿದೆ!" ಎಂದಳು. ತೆಗೆಯಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ ಅಕ್ಕ ಮುಗಿದಳು.

ಆಮೇಲೆ ಮೇಷ್ಟ್ರು ಅಂಗಡಿಯ ಕಡೆ ಸುಳಿಯಲಿಲ್ಲ. ಚಿಕ್ಕಪ್ಪ 'ವಾಪಸ್ ರಾಯರು' ಎನ್ನುವುದನ್ನು ಬಿಟ್ಟರು. ಅವಳು ಬಾಗಿಲ ಗಂಟೆಗೆ ತಲೆಯೆತ್ತುವುದನ್ನು ಮಾತ್ರ ಬಿಡಲಿಲ್ಲ. 'ಅಕ್ಕನೇ ಇಲ್ಲದ ಮೇಲೆ ಬದಲಾಯಿಸೋಕೆ ಏನಿದೆ? ಯಾಕೆ ಬರ್ತಾರೆ?'

ಬೇಸಿಗೆಯ ಸಾಮಾನು ಅಟ್ಟಕ್ಕೆ ಏರಿಸುವ ದಿನ ಗಂಟೆ ಸದ್ದಾಯಿತು.

ಅವನು ಸೊರಗಿದ್ದ. ಕೈಯಲ್ಲಿ ಆ ಪುಟ್ಟ ಜಾಕೆಟ್. ತೊಳೆದು, ನೆರಳಲ್ಲಿ ಒಣಗಿಸಿ, ಪಟ್ಟಿಗಳನ್ನು ಮಡಿಸಿ ತಂದಿದ್ದ.

"ವಾಪಸ್... ಕೊಡೋಕೆ ಬಂದ್ರಾ?"

"ಇಲ್ಲ. ಇದು ಮನೇಲೇ ಇರುತ್ತೆ. ಇದರ ಪಟ್ಟಿ ಹೇಗೆ ಹೊಲಿದಿದೀರ ಅಂತ ತೋರಿಸೋಕೆ ತಂದೆ." ಅವನು ಪಟ್ಟಿಯ ಹೊಲಿಗೆಯ ಮೇಲೆ ಬೆರಳಾಡಿಸಿದ. "ಹೀಗೇ ಹೊಲಿದಿರೋ ಇನ್ನೊಂದು ಬೇಕು. ದೊಡ್ಡೋರದ್ದು."

"ಯಾರಿಗೆ?"

"ಮನೆಯವರಿಗೆ."

ಅಟ್ಟದ ಮೆಟ್ಟಿಲ ಮೇಲಿದ್ದ ಚಿಕ್ಕಪ್ಪನಿಗೆ ಇದ್ದಕ್ಕಿದ್ದಂತೆ ಹಿತ್ತಿಲಲ್ಲಿ ಏನೋ ಕೆಲಸ ನೆನಪಾಯಿತು.

ಅವಳ ಕಣ್ಣು ತುಂಬಿತು. "ಮೇಷ್ಟ್ರೇ... ಈ ಸಲ ಆ ಮಾತಿನ ಅರ್ಥ ಗೊತ್ತಿದ್ದು ಹೇಳ್ತಿದೀರಾ?"

"ಅಕ್ಕ ಹೇಳಿಕೊಟ್ಟು ಹೋದರು."

"ಅವ್ರು... ಎಷ್ಟಿದಾರೆ?"

"ಹೆಚ್ಚೂಕಮ್ಮಿ ನಿಮ್ಮಷ್ಟೇ."

ಅವಳು ಹಗ್ಗದಿಂದ ಒಂದು ಜಾಕೆಟ್ ಇಳಿಸಿ ತೊಟ್ಟಳು. ಪಟ್ಟಿಯ ತುದಿಗಳನ್ನು ಅವನ ಕಡೆ ಚಾಚಿದಳು. ಅವನೇ ಬಿಗಿದ. ಅವಳು ಕಲಿಸಿದ್ದಂತೆಯೇ ಎರಡೂ ಹೆಗಲು ಹಿಡಿದು, ಮೆಲ್ಲಗೆ ಎತ್ತಿದ.

"ಜಾರ್ತಿದೆಯಾ?" ಎಂದಳು.

"ಇಲ್ಲ."

"ಹಾಗಾದ್ರೆ ಬಿಡಬೇಡಿ."