ಪುಟದ ಅಂಚಿನಲ್ಲಿ ಅಕ್ಕ

"ತಕ್ಕಡಿ ಕೆಳಗಿಡಿ... ಮೊದಲು ತಕ್ಕಡಿ ಕೆಳಗಿಡಿ ಅಂದೆ!"

ಮೆಟ್ಟಿಲ ಬಾಗಿಲಲ್ಲಿ ನಿಂತು ಕೂಗಿದವನನ್ನು ಕೀರ್ತನಾ ಅದುವರೆಗೆ ನೋಡಿರಲಿಲ್ಲ. ಎತ್ತರದ ಆಳು, ಕೆದರಿದ ಕೂದಲು, ಕಂಕುಳಲ್ಲಿ ಒಂದು ಫೈಲು. ಓಡಿ ಬಂದಿದ್ದನೇನೋ, ಏದುಸಿರು ಬಿಡುತ್ತಿದ್ದ.

ರದ್ದಿ ಕೊಳ್ಳುವ ಕೆಂಪಯ್ಯ ಏನು ಮಾಡಲಿ ಎಂಬಂತೆ ಅವಳ ಮುಖ ನೋಡಿದ. ತಕ್ಕಡಿಯಲ್ಲಿದ್ದದ್ದು ಹಳೇ ಪೇಪರಲ್ಲ. ಅವಳ ಅಕ್ಕ ರಮ್ಯಶ್ರೀ ಅಚ್ಚು ಹಾಕಿಸಿದ್ದ ಮಕ್ಕಳ ಪುಸ್ತಕದ ಪ್ರತಿಗಳು.

"ಯಾರ್ರೀ ನೀವು? ನಮ್ಮ ಪುಸ್ತಕ, ನಾವು ಏನಾದ್ರೂ ಮಾಡ್ಕೋತೀವಿ!"

"ನಾನು ಚನ್ನವೀರೇಶ್. ನಿಮ್ಮಕ್ಕನ ಪುಸ್ತಕದ ಪುಟ ಜೋಡಿಸಿದೋನು. ಒಂದೊಂದು ಪುಟಾನೂ ನಾಲ್ಕು ನಾಲ್ಕು ಸಲ ತಿದ್ದಿಸಿದಾರೆ ನನ್ನ ಕೈಲಿ. ಇದನ್ನ ಕಿಲೋ ಲೆಕ್ಕದಲ್ಲಿ ತೂಗ್ತಿದೀರಾ?"

"ಅಕ್ಕಾನೇ ಇಲ್ಲ. ಪುಸ್ತಕ ಇಟ್ಕೊಂಡು ಏನ್ ಮಾಡ್ಲಿ ನಾನು!"

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ರಮ್ಯಶ್ರೀ ಕ್ಯಾನ್ಸರಿನಿಂದ ತೀರಿಕೊಂಡು ಆಗಿನ್ನೂ ಇಪ್ಪತ್ತೊಂದು ದಿನವಾಗಿತ್ತು.

ಚನ್ನವೀರೇಶ್ ಫೈಲು ಬಿಚ್ಚಿ ಅವಳ ಮುಂದೆ ಹಿಡಿದ. ಎರಡನೇ ಪುಸ್ತಕದ ಹಸ್ತಪ್ರತಿ. ಅಂಚಿನಲ್ಲಿ ಹಸಿರು ಪೆನ್ಸಿಲಿನ ಓರೆ ಅಕ್ಷರ...

"ಕೀರ್ತೂ, ಇದನ್ನು ಯಾವುದಾದರೂ ಮಗುವಿಗೆ ಜೋರಾಗಿ ಓದಿ ಹೇಳಿದೆಯಾ? ಓದದೆ ಅಚ್ಚಿಗೆ ಕೊಟ್ಟರೆ ಕಾಲು ಮುರೀತೀನಿ."

ಅಕ್ಕನ ಅಕ್ಷರ!

"ಆಸ್ಪತ್ರೆಯಲ್ಲಿ ಬರೆದ್ರು. ಮುಂದಿನದನ್ನ ನೀವೇ ಮಾಡ್ತೀರಿ ಅಂತ ಅವರಿಗೆ ಯಾವ ಅನುಮಾನಾನೂ ಇರಲಿಲ್ಲ," ಎಂದ ಅವನು.

ಕಾಲು ಮುರಿಯುವ ಬೆದರಿಕೆ ಓದಿ ಕೀರ್ತನಾ ನಕ್ಕಳು. ಇಪ್ಪತ್ತೊಂದು ದಿನಗಳ ಮೇಲೆ ಬಂದ ನಗು. ಆಮೇಲೆ ತಲೆಯೆತ್ತಿ, ಹಸಿದ ಮಗುವಿನ ಕಣ್ಣಲ್ಲಿ ಕೇಳಿದಳು.

"ಅದರ ಮುಂದಿನದಕ್ಕೂ... ಬರೆದಿದಾಳಾ?"

ಅವನು ಒಂದು ಕ್ಷಣ ತಡೆದ. "ಇದೆ. ಒಂದೊಂದಾಗಿ ತಂದುಕೊಡ್ತೀನಿ."

ಕೆಂಪಯ್ಯ ಗೊಣಗುತ್ತಾ ಬರಿಗೈಯಲ್ಲಿ ಮೆಟ್ಟಿಲಿಳಿದ.

*

ರಮ್ಯಶ್ರೀ ವಿಜಯನಗರದ ಒಂದು ಶಾಲೆಯಲ್ಲಿ ಟೀಚರಾಗಿದ್ದವಳು. ಅವಳ ತರಗತಿಯಲ್ಲಿ ಮನೆಮಾತು ಏಳು ಬಗೆ. ಓದುವ ಪುಸ್ತಕದಲ್ಲಿ ಮಾತ್ರ ಒಂದೇ ಥರದ ಮನೆ, ಒಂದೇ ಥರದ ಅಡುಗೆ, ಒಂದೇ ಥರದ ಅಜ್ಜಿ! ಇದನ್ನು ಅವಳಿಗೆ ಸಹಿಸಲಾಗಲಿಲ್ಲ. ಕೆಲಸ ಬಿಟ್ಟು, ರಾಜಾಜಿನಗರದ ಬೈಂಡಿಂಗ್ ಅಂಗಡಿಯೊಂದರ ಮಹಡಿಯಲ್ಲಿ ಬಾಡಿಗೆ ಕೋಣೆ ಹಿಡಿದು 'ನೂರೂರು ಪ್ರಕಾಶನ' ಎಂದು ಬೋರ್ಡು ಹಾಕಿದಳು. ಎಡ ಪುಟದಲ್ಲಿ ಕಥೆ ಹೇಳಿದವರ ಮನೆಮಾತು, ಬಲ ಪುಟದಲ್ಲಿ ಕನ್ನಡ. ಒಂದು ಪುಸ್ತಕ ಬಂತು. ಎರಡನೆಯದು ಬರುವ ಮೊದಲೇ ಅವಳು ಹೋದಳು.

ಈಗ ಮೂರು ವರ್ಷ. ಪುಸ್ತಕಗಳು ಹನ್ನೊಂದಾಗಿದ್ದವು!

ಪಾದರಾಯನಪುರದ ಟೈಲರ್ ಆಂಟಿ ದಖನಿಯಲ್ಲಿ ಹೇಳಿದ ಸೂಜಿಯ ಕಥೆ, ಮಹಾಲಕ್ಷ್ಮಿ ಲೇಔಟಿನ ವಾಚ್‌ಮನ್ ಹೆಂಡತಿ ನೇಪಾಳಿಯಲ್ಲಿ ಹೇಳಿದ ಕರಡಿಯ ಕಥೆ, ಲಂಬಾಣಿ ಮೇಸ್ತ್ರಿಯೊಬ್ಬರ ಒಂಟೆಯ ಕಥೆ. ಎಲ್ಲವೂ ರಮ್ಯಶ್ರೀ ಬದುಕಿದ್ದಾಗಲೇ ಕೇಳಿ ಬರೆದಿಟ್ಟವು. ಮೊದಲು ಬಸವೇಶ್ವರನಗರದ ಪಾರ್ಕಿನಲ್ಲಿ ಚಾಪೆ ಹಾಸಿ ಆರು ಮಕ್ಕಳಿಗೆ ಓದುತ್ತಿದ್ದರು. ಈಗ ಶಾಲೆಗಳೇ ಫೋನ್ ಮಾಡಿ ಕರೆಯುತ್ತಿದ್ದವು. ಲೈಬ್ರರಿಗಳು ತರಿಸಿಕೊಳ್ಳುತ್ತಿದ್ದವು. ಚಿತ್ರ ಬರೆಯಲು ಚೈತ್ರ ಬಂದಳು. ಒಂದು ಕೋಣೆ ಇದ್ದದ್ದು ಇಡೀ ಮಹಡಿಯಾಯಿತು.

ಆದರೆ ಆ ಮಹಡಿಯಲ್ಲಿ ಒಂದು ಕುರ್ಚಿಯ ಮೇಲೆ ಯಾರೂ ಕೂರುತ್ತಿರಲಿಲ್ಲ.

ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ, ನಿಜ. ಹೊಸಬರು ಬಂದು ಅದನ್ನು ಎಳೆದುಕೊಂಡರೆ ಕೀರ್ತನಾಳ ಮುಖ ನೋಡಿ ಅವರೇ ಎದ್ದುಬಿಡುತ್ತಿದ್ದರು. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಾಗ, ಆ ಮೂಲೆಯಲ್ಲಿ ಕಾಗದ ಸರಿಸಿದ ಸದ್ದು ಕೇಳಿದಂತಾಗಿ ಅವಳು ಕತ್ತು ತಿರುಗಿಸುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಭಯವಾಗುತ್ತಿತ್ತೇ? ಇಲ್ಲ. ಯಾರೂ ಇಲ್ಲವಲ್ಲ ಎಂಬ ಸಂಕಟವೇ ಆಗುತ್ತಿತ್ತು.

ಹಸಿರು ಅಕ್ಷರವಂತೂ ಪ್ರತಿ ಪುಸ್ತಕಕ್ಕೂ ತಪ್ಪದೆ ಬರುತ್ತಿತ್ತು. ಯಾವ ಕಥೆಯಾದರೂ ಮೊದಲು ಚನ್ನವೀರೇಶನ ಮೇಜಿಗೆ ಹೋಗುತ್ತಿತ್ತು. ಅವನು ಅಕ್ಕನ ಹಳೇ ಫೈಲುಗಳನ್ನು ಹುಡುಕಿ, ಟಿಪ್ಪಣಿಯಿದ್ದ ಪ್ರತಿ ತಂದುಕೊಡುತ್ತಿದ್ದ. ಅದು ಬರುವವರೆಗೆ ಕೀರ್ತನಾ ಒಂದು ಸಾಲನ್ನೂ ಓದುತ್ತಿರಲಿಲ್ಲ.

"ಈ ಅಜ್ಜಿ ಯಾವಾಗಲೂ ಒಳ್ಳೆಯವಳೇ ಆಗಿರಬೇಕಾ?"

"ಈ ಹುಡುಗನ ಮನೆಯಲ್ಲಿ ಏನು ಅಡುಗೆ? ಬರೀ."

"ಕೀರ್ತೂ, ಈ ಸಾಲು ತುಂಬಾ ಚೆನ್ನಾಗಿ ಬಂದಿದೆ."

ಅದನ್ನು ಓದಿದ ದಿನ ಅವಳಿಗೆ ಊಟ ರುಚಿಸುತ್ತಿತ್ತು. ಮನೆಗೊಯ್ದು ಅಮ್ಮ ವೆಂಕಟಲಕ್ಷ್ಮಮ್ಮನಿಗೆ ತೋರಿಸಿದರೆ, ಅವರು ಅಕ್ಷರವನ್ನು ಕಣ್ಣಿಗೊತ್ತಿಕೊಂಡು ಸುಮ್ಮನೆ ಒಳಗೆ ಹೋಗುತ್ತಿದ್ದರು.

'ಅಕ್ಕನ ಟಿಪ್ಪಣಿ ಮುಗಿದುಹೋದ ದಿನ ನಾನೇನು ಮಾಡ್ಲಿ?' ಇದೊಂದೇ ಭಯ ಅವಳನ್ನು ಬೆಂಬಿಡದೆ ಕಾಡುತ್ತಿತ್ತು. ಪ್ರಕಾಶನ ನಡೆಸುತ್ತಿರುವವಳು ಅಕ್ಕ. ತಾನು ಬರೀ ಕೈಕಾಲು ಎಂದೇ ಅವಳು ನಂಬಿದ್ದಳು.

ಮತ್ತೆ ಚನ್ನವೀರೇಶ್? ಅವನ ಮಾತು ಕಡಿಮೆ. ಅವಳು ಊಟ ಮರೆತರೆ ಅವಳ ಮೇಜಿನ ಮೇಲೆ ಎರಡು ಬಾಳೆಹಣ್ಣು ಇಟ್ಟು ಏನೂ ಗೊತ್ತಿಲ್ಲದವನಂತೆ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಒಮ್ಮೆ ಅವನು ಜ್ವರವೆಂದು ಎರಡು ದಿನ ಬರಲಿಲ್ಲ. ಆ ಎರಡು ದಿನ ಅವಳು ಹತ್ತು ಸಲ ಮೆಟ್ಟಿಲ ಕಡೆ ನೋಡಿದಳು. ಇದಕ್ಕೇನು ಹೆಸರು ಎಂದು ಓದುಗರಿಗೆ ಗೊತ್ತು. ಅವಳಿಗೆ ಮಾತ್ರ ಗೊತ್ತಿರಲಿಲ್ಲ, ಪಾಪ!

*

ಹನ್ನೆರಡನೇ ಪುಸ್ತಕ ದುರ್ಗವ್ವನದು. ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹಿಂದಿನ ಶೆಡ್ಡಿನಲ್ಲಿ ಅವಳ ವಾಸ, ಗಾರೆ ಕೆಲಸ. ಅವ್ವ ಕಟ್ಟಿದ ಮನೆಗಳಲ್ಲೆಲ್ಲ ಒಂದೊಂದು ರಾತ್ರಿ ಮಲಗಿ ಬರಬೇಕೆಂದು ಹೊರಟ ಹುಡುಗಿಯ ಕಥೆ. ಇದೂ ಹಿಂದೆ ರಮ್ಯಶ್ರೀ ಕೇಳಿ ಬರೆದಿಟ್ಟದ್ದೇ. ಮೊನ್ನೆ ಚೈತ್ರ ಚಿತ್ರಕ್ಕೆಂದು ಹೋಗಿ ದುರ್ಗವ್ವನಿಂದ ಇನ್ನೊಮ್ಮೆ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಚನ್ನವೀರೇಶನಿಗೆ ಕೊಟ್ಟಿದ್ದಳು.

ಚನ್ನವೀರೇಶ್ ತಂದುಕೊಟ್ಟ ಪ್ರತಿಯ ಅಂಚಿನಲ್ಲಿ ಹಸಿರು ಅಕ್ಷರ... "ಆಡಿಗೆ ಹೆಸರಿಲ್ಲವಾ? ಮಕ್ಕಳು ಮೊದಲು ಕೇಳೋದೇ ಅದು."

ಕೀರ್ತನಾ ಆ ಮಧ್ಯಾಹ್ನವೇ ಮೆಟ್ರೋ ಹತ್ತಿ ಹೋದಳು.

"ದುರ್ಗವ್ವಾ, ನಮ್ಮಕ್ಕ ಅವಾಗಲೇ ಕೇಳಿದಾಳೆ ನೋಡಿ. ಹುಡುಗಿ ಹಿಂದೆ ಹೋಗೋ ಆಡಿನ ಹೆಸರೇನು?"

ದುರ್ಗವ್ವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಅಕ್ಕಾರು ಕೇಳ್ಯಾರ? ಅವರಿಗೆ ಆಡು ಎಲ್ಲಿ ಗೊತ್ತವ್ವಾ? ಅವರಿಗೆ ಹೇಳಾಗ ಕಥೀಯೊಳಗ ಆಡು ಇದ್ದಿಲ್ಲ. ಹ್ವಾದ ಐತವಾರ ನಿಮ್ಮ ಚೈತ್ರಾಗ ಹೇಳಾಗ ಬಂತು. ಕೂಸು ಒಂದ ಹೊಂಟಿತಲ್ಲ, ಜ್ವಾಕಿ ಮಾಡಾಕ ಯಾರದಾರ ಅನಿಸ್ತು... ಆಡು ಕಳಿಸಿದೆ!"

ಕೀರ್ತನಾ ಕೈಯಲ್ಲಿದ್ದ ಪ್ರತಿಯ ಹಸಿರು ಅಕ್ಷರವನ್ನು ಇನ್ನೊಮ್ಮೆ ಓದಿದಳು.

ಹೋದ ಭಾನುವಾರ ಹುಟ್ಟಿದ ಆಡು. ಮೂರು ವರ್ಷದ ಹಿಂದೆ ಸತ್ತ ಅಕ್ಕ!

*

"ಆಡಿನ ಮಾತು ಬರೆದವರು ಯಾರು?"

ಚನ್ನವೀರೇಶ್ ಕಂಪ್ಯೂಟರಿನಿಂದ ಕಣ್ಣು ತೆಗೆದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ಎಲ್ಲ ಅರ್ಥವಾಯಿತು.

"ನಾನು."

"ಟೈಲರ್ ಆಂಟಿ ಪುಸ್ತಕಕ್ಕೆ?"

"ನಾನೇ."

"ಕರಡಿ ಕಥೆಗೆ? ಒಂಟೆ ಕಥೆಗೆ?"

"ಎಲ್ಲಾ ನಾನೇ... ಆ ಮೊದಲನೇ ಫೈಲು ಮಾತ್ರ ಅವರದ್ದು. ದೇವರಾಣೆ, ಅದು ಅವರದ್ದೇ. ಅವರ ಅಕ್ಷರ ಓದಿ ಓದಿ, ಟೈಪ್ ಮಾಡಿ ಮಾಡಿ, ನನ್ನ ಕೈಗೇ ಬಂದುಬಿಟ್ಟಿತ್ತು."

"ನಮ್ಮಮ್ಮ ಅದನ್ನ ಕಣ್ಣಿಗೆ ಒತ್ಕೋತಾರೆ!" ಕೀರ್ತನಾ ಕೂಗಿದಳು. "ನಾನು ಅದರ ಜೊತೆ ಮಾತಾಡ್ತಿದ್ದೆ... ಸತ್ತೋರ ಕೈ ಹಿಡ್ಕೊಂಡು ಬರೆಯೋಕೆ ಹೇಗೆ ಮನಸ್ಸು ಬಂತು ನಿಮಗೆ? ಹೋಗಿ. ಇನ್ನು ಈ ಮೆಟ್ಟಿಲು ಹತ್ತಬೇಡಿ."

ಅವನು ಬ್ಯಾಗು ಎತ್ತಿಕೊಂಡು ಹೋದ.

ಅಕ್ಕನ ಕುರ್ಚಿ ಅಲ್ಲೇ ಇತ್ತು. ಅವತ್ತು ಅದರ ಕಡೆ ನೋಡುವುದಕ್ಕೂ ಅವಳಿಗೆ ಧೈರ್ಯ ಬರಲಿಲ್ಲ. ಮೂರು ವರ್ಷ ಈ ಕೋಣೆಯಲ್ಲಿ ಅಕ್ಕ ಇದ್ದಳೆಂದುಕೊಂಡದ್ದೆಲ್ಲ ಸುಳ್ಳು... ಹಾಗಾದರೆ ಇಷ್ಟು ದಿನ ತಾನು ಯಾರಿಗೆ ಉತ್ತರ ಕೊಡುತ್ತಿದ್ದೆ?

ಇದರ ಮೇಲೆ ಇನ್ನೊಂದು ಯೋಚನೆ ಬಂದು ಚುಚ್ಚಿತು. ಅವನಿಗೆ ಅಕ್ಕನ ಮೇಲೆ ಪ್ರೀತಿ ಇತ್ತೇ? ಇಲ್ಲದಿದ್ದರೆ ಯಾರು ತಾನೇ ಸತ್ತವಳ ಅಕ್ಷರವನ್ನು ಇಷ್ಟು ವರ್ಷ ಜೋಪಾನ ಮಾಡುತ್ತಾರೆ? ಇದು ದುಃಖವೋ ಮತ್ಸರವೋ ತಿಳಿಯದೆ ಅವಳಿಗೆ ತನ್ನ ಮೇಲೇ ನಾಚಿಕೆಯಾಯಿತು.

*

ಎರಡು ದಿನ ಅವಳು ಆಫೀಸಿಗೆ ಹೋಗಲಿಲ್ಲ. ದುರ್ಗವ್ವನ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. "ಅಕ್ಕಾ, ಕೊಡ್ಲಾ ಬೇಡ್ವಾ?" ಎಂದು ಚೈತ್ರ ಫೋನಿನ ಮೇಲೆ ಫೋನ್ ಮಾಡುತ್ತಿದ್ದಳು. ಕೀರ್ತನಾಳಿಗೆ ಹೌದು ಎನ್ನಲೂ ಆಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ತಡೆಯಲಾರದೆ ಕೀರ್ತನಾ ಹೇಳಿಬಿಟ್ಟಳು.

"ಅಮ್ಮಾ... ಅದು ಅಕ್ಕ ಬರೆದಿದ್ದಲ್ಲ. ಆ ಚನ್ನವೀರೇಶ್ ಬರೆದಿದ್ದು. ನಮಗೆಲ್ಲಾ ಮೋಸ ಮಾಡಿದಾರೆ."

ವೆಂಕಟಲಕ್ಷ್ಮಮ್ಮನ ಕೈ ನಿಲ್ಲಲೇ ಇಲ್ಲ.

"ನಂಗೆ ಗೊತ್ತಿತ್ತು ಕಣೇ."

"ಏನು?!"

"ರಮ್ಯ ಯಾವತ್ತಾದ್ರೂ ಯಾರನ್ನಾದ್ರೂ ಹೊಗಳಿದ್ಲೇನೇ? ನಾನು ಮಾಡಿದ ಸಾರಿಗೆ ಇಪ್ಪತ್ತೆಂಟು ವರ್ಷ 'ಉಪ್ಪು ಕಮ್ಮಿ' ಅಂತಾನೇ ಅಂದ್ಲು! 'ತುಂಬಾ ಚೆನ್ನಾಗಿ ಬಂದಿದೆ' ಅಂತ ಅವಳು ಬರೀತಾಳಾ? ಅದನ್ನ ಓದಿದ ದಿನಾನೇ ಅನ್ಕೊಂಡೆ, ಇದು ಬೇರೆ ಯಾರದ್ದೋ ಕೈ ಅಂತ."

"ಮತ್ತೆ ಯಾಕಮ್ಮಾ ಹೇಳ್ಲಿಲ್ಲ? ಕಣ್ಣಿಗೆ ಬೇರೆ ಒತ್ಕೋತಿದ್ದೆ..."

"ಹೂಂ, ಒತ್ಕೊಂಡೆ." ಅವರು ಈಗ ಹುರುಳಿಕಾಯಿ ಕೆಳಗಿಟ್ಟರು. "ಒಬ್ಬಳು ಮಣ್ಣಿಗೆ ಹೋಗಿದ್ಲು. ಇನ್ನೊಬ್ಬಳು ಅನ್ನ ಮುಟ್ಟದೆ ಗೋಡೆ ನೋಡ್ಕೊಂಡು ಕೂತಿದ್ಲು. ಅದನ್ನ ಓದಿದ ದಿನ ನೀನು ಎರಡು ಮುದ್ದೆ ಉಣ್ತಿದ್ದೆ. ನನ್ನ ಬದುಕಿರೋ ಮಗಳನ್ನ ಉಳಿಸಿಕೊಟ್ಟ ಕೈ ಅದು. ಯಾರದ್ದಾದ್ರೇನು, ಒತ್ಕೊಂಡೆ."

ಕೀರ್ತನಾ ಕೋಣೆಗೆ ಹೋಗಿ ದುರ್ಗವ್ವನ ಹಸ್ತಪ್ರತಿ ತೆಗೆದಳು. ಮೂರು ವರ್ಷದಲ್ಲಿ ಮೊದಲ ಬಾರಿಗೆ, ಯಾರ ಗುರುತೂ ನೋಡದೆ, ತಾನೇ ಜೋರಾಗಿ ಓದಿದಳು. ಎಲ್ಲಿ ನಾಲಿಗೆ ತಡವರಿಸಿತೋ ಅಲ್ಲಿ ಗೆರೆ ಎಳೆದಳು. ಎಲ್ಲಿ ಮತ್ತೊಮ್ಮೆ ಓದಬೇಕೆನಿಸಿತೋ ಅಲ್ಲಿ ಕೈ ಹಚ್ಚಲಿಲ್ಲ. ಸಂಜೆಯ ಹೊತ್ತಿಗೆ ಚೈತ್ರಳಿಗೆ ಫೋನ್ ಮಾಡಿ, "ನಾಳೆ ಅಚ್ಚಿಗೆ ಕೊಡೋಣ. ಎಂಟು ಕಡೆ ತಿದ್ದೋದಿದೆ, ನಾನೇ ಹೇಳ್ತೀನಿ," ಎಂದಳು.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

"ಎಲ್ಲಿಗೇ?" ಎಂದರು ಅಮ್ಮ.

"ಕೆಂಗೇರಿಗೆ."

ಅಮ್ಮ ಒಲೆಯ ಮೇಲೆ ಇನ್ನೊಂದು ಲೋಟ ಅಕ್ಕಿ ಹೆಚ್ಚಿಗೆ ಇಟ್ಟರು.

*

ಕೆಂಗೇರಿ ಉಪನಗರದಲ್ಲಿ ತಾನು ಬಾಡಿಗೆಗಿದ್ದ ಟೆರೇಸಿನ ಕೋಣೆಯ ಹೊರಗೆ ಚನ್ನವೀರೇಶ್ ಒಣಗಿದ ಬಟ್ಟೆ ತೆಗೆಯುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಶರ್ಟು ಕೆಳಗೆ ಬೀಳಿಸಿದ.

"ಅಕ್ಕನ್ನ ಪ್ರೀತಿಸ್ತಿದ್ರಾ?" ನೇರವಾಗಿ ಕೇಳಿದಳು.

"ಅಯ್ಯೋ, ಶಿವನೇ!" ಅವನು ನಿಜವಾಗಿ ಬೆಚ್ಚಿದ. "ಅವರು ನನಗೆ ಕೆಲಸ ಕಲಿಸಿದೋರು. ಅವರು ಮೆಟ್ಟಿಲು ಹತ್ತೋ ಸದ್ದು ಕೇಳಿದ್ರೆ ನಾನು ಎದ್ದು ನಿಲ್ತಿದ್ದೆ. ಅಷ್ಟು ಹೆದರ್ತಿದ್ದೆ!"

"ಮತ್ತೆ ಯಾಕೆ?"

ಅವನು ಬಿದ್ದ ಶರ್ಟನ್ನು ಎತ್ತಿ ಮಡಿಸತೊಡಗಿದ.

"ಅವತ್ತು ಮೊದಲನೇ ಫೈಲು ಓದಿ ನೀವು ನಕ್ಕಿರಿ. ಮುಂದಿನದಕ್ಕೂ ಬರೆದಿದಾಳಾ ಅಂತ ಕೇಳಿದ್ರಿ. 'ಇಲ್ಲ' ಅನ್ನೋಕೇ ಬಾಯಿ ತೆಗೆದೆ... 'ಇದೆ' ಅಂತ ಬಂತು. ಆಮೇಲೆ ಒಂದು ಸುಳ್ಳಿಗೆ ನೂರು ಸುಳ್ಳು. ಪ್ರತಿ ಸಲ ಇದೇ ಕೊನೆ, ಈ ಸಲ ಹೇಳಿಬಿಡ್ತೀನಿ ಅನ್ಕೋತಿದ್ದೆ. ನಿಮ್ಮ ಮುಖ ನೋಡಿ ಹೇಳೋಕಾಗ್ತಿರಲಿಲ್ಲ."

"ಪ್ರಶ್ನೆಗಳೆಲ್ಲಾ ನಿಮ್ಮವಾ?"

"ಪ್ರಶ್ನೆ ಅವರಿಂದ ಕಲಿತದ್ದು. ಅವರಿದ್ರೆ ಏನು ಕೇಳ್ತಿದ್ರು ಅಂತ ಯೋಚಿಸಿ ಬರೀತಿದ್ದೆ. ಅದಕ್ಕೆ ಉತ್ತರ ಹುಡುಕಿ ಪುಸ್ತಕ ಮಾಡಿದ್ದು ಮಾತ್ರ ನೀವು. ಹತ್ತು ಪುಸ್ತಕ, ಕೀರ್ತನಾ. ಸತ್ತೋರ್ಯಾರೂ ಮಾಡಿಕೊಡ್ಲಿಲ್ಲ."

"ಚೆನ್ನಾಗಿ ಬಂದಿದೆ ಅಂತ ಬರೀತಿದ್ರಲ್ಲಾ... ಅದನ್ನೂ ಅಕ್ಕನಿಂದ ಕಲಿತಿದ್ದಾ?"

ಅವನು ತಲೆ ತಗ್ಗಿಸಿದ.

"ಅದು ನಂದು. ಅದೊಂದು ಮಾತು ಪೂರ್ತಿ ನಂದೇ. ನನ್ನ ಅಕ್ಷರದಲ್ಲಿ ಬರೆಯೋ ಧೈರ್ಯ ಇರಲಿಲ್ಲ. ಇವತ್ತು ಬಾಯಲ್ಲೇ ಹೇಳ್ತೀನಿ, ಬೈದ್ರೂ ಸರಿ. ನಿಮ್ಮನ್ನ ಪ್ರೀತಿಸ್ತೀನಿ."

ಕೀರ್ತನಾ ಅಲ್ಲೇ ಕೂತುಬಿಟ್ಟಳು. ಮೂರು ವರ್ಷದಿಂದ ಒಳಗೇ ಉಳಿದಿದ್ದ ಅಳು ಕಟ್ಟೆಯೊಡೆದು ಬಂತು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ. ತಿಥಿಯ ದಿನ ಅತ್ತಿರಲಿಲ್ಲ. ಅಕ್ಕ ಇನ್ನೂ ಇದ್ದಾಳೆ, ಬರೆಯುತ್ತಿದ್ದಾಳೆ ಎಂದುಕೊಂಡವಳಿಗೆ ಅಳುವ ಅಗತ್ಯವೇ ಬಿದ್ದಿರಲಿಲ್ಲ. ಚನ್ನವೀರೇಶ್ ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತ. ಸಮಾಧಾನ ಹೇಳಲಿಲ್ಲ. ಅಳು ಮುಗಿಯುವವರೆಗೆ ಸುಮ್ಮನೆ ಜೊತೆಗಿದ್ದ.

"ಅಕ್ಕ ಸತ್ತಿದ್ದು ನನ್ನ ಪಾಲಿಗೆ ಈ ವಾರ," ಎಂದಳು ಕೊನೆಗೆ, ಕಣ್ಣೊರೆಸಿಕೊಳ್ಳುತ್ತಾ. "ಅವಳು ಇನ್ನು ಬರಲ್ಲ... ಅಲ್ವಾ?"

"ಬರಲ್ಲ."

ಅವನು ಅಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೇ ಅವಳಿಗೆ ಅವನ ಮೇಲೆ ಮತ್ತೆ ನಂಬಿಕೆ ಬಂತು.

"ಇನ್ನೊಂದು ಸುಳ್ಳು ಹೇಳಿದ್ರೆ..."

"ಹೇಳಲ್ಲ."

"ನನಗೆ ನೋವಾಗುತ್ತೆ ಅಂತಾನೂ ಹೇಳಬಾರದು."

"ಇಲ್ಲ ಕೀರ್ತನಾ."

ಅವಳು ಕೈ ಚಾಚಿದಳು. ಅವನು ಹೆದರಿ ಹೆದರಿ ಹಿಡಿದ.

"ಒಂದೇ ವಾರದಲ್ಲಿ ಇಬ್ಬರನ್ನ ಕಳ್ಕೊಳ್ಳೋ ಶಕ್ತಿ ನನಗಿಲ್ಲ ಚನ್ನವೀರೇಶ್."

"ನಾಳೆ... ಆಫೀಸಿಗೆ ಬರ್ಲಾ?"

"ನಾಳೆ ಯಾಕೆ? ಈಗಲೇ ಮನೆಗೆ ಬನ್ನಿ. ಅಮ್ಮ ನಿಮಗೂ ಸೇರಿಸಿ ಅಡುಗೆ ಮಾಡಿರ್ತಾರೆ."